ಒಂದು ಅಳಿವೆಗೆ ಎಷ್ಟು ಡಬ್ಬಿ

ಗೌರಿಬಿದನೂರು
೨೬ ಜನವರಿ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಬಿಂದು,

ಹೇಗಿದ್ದೀಯ? ಕೆಮ್ಮು ನಿಂತಿತೇ? ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗಾಗಿ ಉರಿಯುತ್ತಿದೆ ಅಂದಿದ್ದೆಯಲ್ಲ, ಅಮ್ಮ ಕೊಟ್ಟು ಕಳಿಸಿದ ಹರಳೆಣ್ಣೆ ಹಚ್ಚುತ್ತಿದ್ದೀಯೋ ಅಥವಾ ನಿನ್ನ ರೂಮಿನ ಹುಡುಗಿಯರು ಅದರಲ್ಲಿ ಮೀನು ಹುರಿದು ಮುಗಿಸಿದರೋ? ರಾಗಿ ಹಿಟ್ಟು ಇನ್ನೂ ಉಳಿದಿರಬೇಕು. ಮುದ್ದೆಯಲ್ಲಿ ಗಂಟು ಬಂದರೆ ಬೇಜಾರು ಮಾಡಿಕೊಳ್ಳಬೇಡ. ಗಂಟಿಲ್ಲದ ಮುದ್ದೆ ಮಾಡುವವಳು ಈ ಮನೆಯಲ್ಲಿ ತಾನೊಬ್ಬಳೇ ಎಂದು ಹೇಳಿಕೊಳ್ಳುವ ಸಂತೋಷ ಅಮ್ಮನಿಗೆ ಉಳಿಯಲಿ. ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪ ಅಮ್ಮ ಮಂಡಿಕಲ್‌ನಲ್ಲಿ ಹೊಲ, ರೇಷ್ಮೆ ಹುಳುಮನೆ, ಜಗಳ ಮೂರನ್ನೂ ಒಂದು ದಿನ ತಪ್ಪಿಸದೆ ನಡೆಸಿಕೊಂಡು ಹೋಗುತ್ತಿದ್ದಾರೆ. ನನ್ನದು ಗೊತ್ತೇ ಇದೆ, ವಾರಪೂರ್ತಿ ಕುಡುಮಲಕುಂಟೆಯ ಫ್ಯಾಕ್ಟರಿ ಮತ್ತು ಈ ಬಾಡಿಗೆ ಮನೆ, ರಜೆ ಸಿಕ್ಕರೆ ಮಂಡಿಕಲ್ ಬಸ್ಸು. ಇವತ್ತು ಬೆಳಿಗ್ಗೆ ಫ್ಯಾಕ್ಟರಿಯಲ್ಲಿ ಬಾವುಟ ಹಾರಿಸಿ, ಬೂಂದಿ ಪೊಟ್ಟಣ ಇಸಕೊಂಡು, ಅದನ್ನು ದಾರಿಯಲ್ಲೇ ಖಾಲಿ ಮಾಡಿ, ಮನೆಗೆ ಬಂದು ಬರೆಯಲು ಕೂತಿದ್ದೇನೆ. ನಿನ್ನ ಕುರ್ಚಿಯಲ್ಲೇ ಕೂತಿದ್ದೇನೆ. ಅದರ ಒಂದು ಕಾಲು ಇನ್ನೂ ಕುಂಟುತ್ತಿದೆ. ಇಡೀ ಫ್ಯಾಕ್ಟರಿಯ ಮೆಷಿನ್ ರಿಪೇರಿ ಮಾಡುವವನ ಮನೆಯ ಕುರ್ಚಿ ಇದು, ಯಾರಿಗೂ ಹೇಳಬೇಡ.

ಈ ಕಾಲದಲ್ಲಿ ಕಾಗದ ಬರೆಯುವ ಗಂಡ ನಾನೊಬ್ಬನೇ ಇರಬೇಕು. ಆದರೆ ಇದು ನಿನ್ನದೇ ಅಪ್ಪಣೆ. ಗುರುವಾರ ಫೋನಿನಲ್ಲಿ ನೀನು ಅರ್ಧ ಗಂಟೆ ಮಾತಾಡಿದೆ, ನಾನು ಅರ್ಧ ಗಂಟೆ ಹೂಂಗುಟ್ಟಿದೆ, ಕೊನೆಗೆ ನಿನಗೆ ರೇಗಿತು. "ಎಲ್ಲದಕ್ಕೂ ಹೂಂ ಅಂತೀಯಪ್ಪ ನೀನು. ಬರೆದು ಕಳಿಸು. ಬರೆಯುವಾಗಲಾದರೂ ನಿನ್ನ ಮನಸ್ಸಲ್ಲಿ ಏನಿದೆ ಅಂತ ಹೊರಗೆ ಬರುತ್ತೆ" ಅಂದೆ. ಸರಿ, ಬರೆಯುತ್ತೇನೆ. ವಿಷಯ ಒಂದೇ ಅಲ್ಲವೇ? ಫೆಬ್ರವರಿ ಮುಗಿಯುವುದರೊಳಗೆ ನೀನು ನಿಮ್ಮ ಗೈಡ್ ಮೇಡಂಗೆ ಹೇಳಬೇಕು, ಅಳಿವೆಯ ಲೆಕ್ಕದ ಮಾದರಿ ದೊಡ್ಡದೋ ಚಿಕ್ಕದೋ ಎಂದು. ಚಿಕ್ಕದಾದರೆ ಕೆಲಸ ಬಹುತೇಕ ಮುಗಿದಿದೆ, ಯುಗಾದಿಗೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬಂದು ಇಲ್ಲೇ ಕೂತು ಪ್ರಬಂಧ ಬರೆಯುತ್ತೀಯ. ದೊಡ್ಡದಾದರೆ ಇನ್ನೂ ಎರಡು ವರ್ಷ ಅಲ್ಲೇ. ನೀನು ತಮಾಷೆಗೆ ಮನೆಯವರೆಲ್ಲ ಓಟು ಹಾಕಿ ಅಂದೆ, ನಾವು ತಮಾಷೆ ಅಂತ ಅಂದುಕೊಳ್ಳದೆ ಹಾಕಿಯೂ ಬಿಟ್ಟೆವು. ನನ್ನ ಓಟು ಚಿಕ್ಕದಕ್ಕೆ ಅಂತ ಹೋದ ತಿಂಗಳೇ ಹೇಳಿದ್ದೆ. ಯಾಕೆ ಚಿಕ್ಕದು ಅಂತ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲು ನಾನು ಅರ್ಥ ಮಾಡಿಕೊಂಡದ್ದು ಸರಿಯೋ ನೋಡು, ತಪ್ಪಿದ್ದರೆ ಕೆಂಪು ಮಸಿಯಲ್ಲಿ ತಿದ್ದಿ ಕಳಿಸು. ನಿಮ್ಮ ಹೊಳೆ ಸಮುದ್ರ ಸೇರುವ ಕಡೆ, ಸಿಹಿನೀರು ಉಪ್ಪುನೀರು ಕಲೆಯುವ ಆ ಅಗಲದ ಜಾಗ ಅಳಿವೆ. ನಮ್ಮ ಪಿನಾಕಿನಿಯ ಮರಳು ನೋಡಿ ಬೆಳೆದವನಿಗೆ ಹೊಳೆ ತುಂಬಿ ಹರಿದು ಎಲ್ಲಿಗಾದರೂ ಹೋಗಿ ಸೇರುತ್ತದೆ ಅಂದರೇ ದೊಡ್ಡ ಸುದ್ದಿ, ಇರಲಿ. ಅಲ್ಲಿಯ ಹೆಂಗಸರು ನೀರು ಇಳಿದಾಗ ಕೆಸರು ಬಗೆದು ಬೆಳಚು ಆರಿಸುತ್ತಾರೆ. ಚಿಪ್ಪಿನೊಳಗಿನ ಆ ಜೀವವೇ ಅವರ ಅನ್ನ. ಮಳೆಗಾಲದಲ್ಲಿ ಸಿಹಿನೀರು ನುಗ್ಗಿ ಬೆಳಚು ಸಾಯುತ್ತದೆ, ಮಳೆ ನಿಂತು ಉಪ್ಪು ಮರಳಿದ ಮೇಲೆ ಹೊಸ ಮರಿ ಕೂರುತ್ತದೆ, ಅದು ಬೆಳೆಯುವ ಮೊದಲೇ ಕಿತ್ತರೆ ಮುಂದಿನ ವರ್ಷ ಏನೂ ಇರುವುದಿಲ್ಲ. ಇದಕ್ಕೇ ನಿಮ್ಮ ಮಾದೇವಿ ಅಕ್ಕ ಮೊದಲ ದಿನವೇ ಕೇಳಿದ್ದು: "ತಂಗೀ, ಹೊಳೆಯ ಕತೆ ಎಲ್ಲ ನಮಗೆ ಬ್ಯಾಡ. ಯಾವಾಗ ನೀರಿಗೆ ಇಳಿಯೂದು ಅಷ್ಟು ಹೇಳು." ಆ ಒಂದು ಪ್ರಶ್ನೆಗೆ ನೀನು ಮಾಡಿದ ಚಿಕ್ಕ ಮಾದರಿಯಲ್ಲಿ ಐದು ಡಬ್ಬಿ: ನೀರಿನ ಉಪ್ಪು, ಕಣ್ಣಿಗೆ ಕಾಣದ ಪಾಚಿ, ಬೆಳಚಿನ ಮರಿ, ಬೆಳೆದ ಬೆಳಚು, ಕೀಳುವ ಕೈ. ದೊಡ್ಡದರಲ್ಲಿ ನಲವತ್ತಕ್ಕೂ ಹೆಚ್ಚು. ಏಡಿ, ಸಿಗಡಿ, ಮೂರು ಜಾತಿ ಪಾಚಿ, ಉಪ್ಪುನೀರಿನ ಕಾಂಡ್ಲಾ ಗಿಡ, ಕೊಕ್ಕರೆ, ನೀರುನಾಯಿ, ಒಂದೊಂದರಿಂದ ಇನ್ನೊಂದಕ್ಕೆ ಬಾಣದ ಗುರುತು. ಯಾರು ಯಾರನ್ನು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಎಲ್ಲ ಅದರಲ್ಲಿದೆ. ಆದರೆ ಬಾಣಗಳಲ್ಲಿ ಅರ್ಧಕ್ಕೆ ಅಳತೆಯಿಲ್ಲ, ಅಂದಾಜು ಹಾಕಬೇಕು, ಅಂದಾಜು ಸ್ವಲ್ಪ ಆಚೀಚೆಯಾದರೆ ಉತ್ತರ ಎತ್ತಲೋ ಹೋಗುತ್ತದೆ. ಇಷ್ಟು ಸರಿ ತಾನೇ?

ದೀಪಾವಳಿಗೆ ಬಂದಾಗ ಅಡುಗೆಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ಡಬ್ಬಿ ಬರೆದು ನಮಗೆ ಪಾಠ ಮಾಡಿದೆಯಲ್ಲ, ಅದು ಇನ್ನೂ ಅಳಿಸಿಲ್ಲ. ಒಂದು ಡಬ್ಬಿಯ ಮೇಲೆ ಕೈ ಮುಚ್ಚಿ ಲೆಕ್ಕ ಮತ್ತೆ ಮಾಡಿ ನೋಡಬೇಕು, ಉತ್ತರ ಹಾಗೇ ಇದ್ದರೆ ಆ ಡಬ್ಬಿ ಬರೀ ಅಲಂಕಾರ, ಉತ್ತರ ಬದಲಾದರೆ ಅದು ಬೇಕೇ ಬೇಕು ಅಂದಿದ್ದೆ. ಅಮ್ಮ ಆವತ್ತಿನಿಂದ ಒಲೆಯ ಹತ್ತಿರ ಇದನ್ನೇ ಮಾಡುತ್ತಾಳೆ. ಒಗ್ಗರಣೆಯಲ್ಲಿ ಇಂಗು ಬಿಟ್ಟು ಅಪ್ಪನ ಮುಖ ನೋಡುತ್ತಾಳೆ. ಮುಖ ಬದಲಾಗದಿದ್ದರೆ ಇಂಗು ಉಳಿಯಿತು.

ನಿನ್ನ ದೊಡ್ಡ ಚಿತ್ರದ ಕತೆ ಹೇಳಲೇಬೇಕು. ಮೊಬೈಲಿನಲ್ಲಿ ಕಳಿಸಿದೆ, ಅಪ್ಪನ ಕಣ್ಣಿಗೆ ಅದು ಇರುವೆ ಸಾಲಿನ ಹಾಗೆ ಕಂಡಿತು. ದೊಡ್ಡದು ಮಾಡಿಸಿ ತಗೊಂಡು ಬಾ ಎಂದರು. ಚಿಕ್ಕಬಳ್ಳಾಪುರದಲ್ಲಿ ಎರಡು ಕಡೆ ಕೇಳಿದೆ, ಅಷ್ಟು ದೊಡ್ಡ ಹಾಳೆ ಇಲ್ಲ ಎಂದರು. ಕೊನೆಗೆ ಜಗನ್ ಎಂಬುವವನ ಫ್ಲೆಕ್ಸ್ ಅಂಗಡಿಗೆ ಹೋದೆ. ಅವನು ತಲೆ ಎತ್ತದೆಯೇ "ಯಾವ ಲೀಡರ್ ಬರ್ತ್‌ಡೇ ಸಾರ್, ಫೋಟೋ ಕೊಡಿ" ಅಂದ. ಬರ್ತ್‌ಡೇ ಅಲ್ಲಪ್ಪ, ಅಳಿವೆ ಅಂದೆ. ಆಯ್ತು ಸಾರ್, ಸಂಜೆಗೆ ಬನ್ನಿ ಅಂದ. ಸಂಜೆಗೆ ಹೋಗಿ ನೋಡಿದರೆ ನಿನ್ನ ಅಳಿವೆಯ ಸುತ್ತ ಚೆಂಡುಹೂವಿನ ಅಂಚು, ಮೇಲೆ ಎರಡು ಕಡೆ ದೀಪ, ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, "ಶುಭಾಶಯ ಕೋರುವವರು: ಮುನೇಶ್ ಮತ್ತು ಗೆಳೆಯರ ಬಳಗ." ಅದು ಅವನ ಕಂಪ್ಯೂಟರಿನಲ್ಲಿ ಯಾವಾಗಲೂ ಇರುವ ಅಂಚಂತೆ, ತೆಗೆದರೆ ಚೆನ್ನಾಗಿ ಕಾಣುವುದಿಲ್ಲವಂತೆ. ಮಂಡಿಕಲ್ ಮನೆಯ ಜಗಲಿಗೆ ಅದನ್ನು ಕಟ್ಟಿದ ದಿನ ಅರ್ಧ ಊರು ಬಂದು ನೋಡಿತು. ಡೇರಿಗೆ ಹಾಲು ಹಾಕಲು ಹೊರಟಿದ್ದ ಗಂಗುಲಪ್ಪ ನಿಂತು, "ನಿನ್ನ ಹೆಂಡ್ತಿ ಪಂಚಾಯ್ತಿ ಎಲೆಕ್ಷನ್‌ಗೆ ನಿಂತವ್ಳೇನಪ್ಪಾ? ಗುರುತು ಯಾವ್ದು, ಏಡಿಯಾ?" ಎಂದು ಕೇಳಿದ. ಅಪ್ಪ ಹೌದು ಅಂದುಬಿಟ್ಟರು. ಮುಂದಿನ ಸಲ ಊರಿಗೆ ಬಂದಾಗ ಯಾರಾದರೂ ನಿನ್ನ ಹತ್ತಿರ ಬೋರ್‌ವೆಲ್ ಕೇಳಿದರೆ ಗಾಬರಿಯಾಗಬೇಡ.

ಅಪ್ಪನ ಓಟು ದೊಡ್ಡದಕ್ಕೇ, ಕಡೆಯವರೆಗೂ. ಅವರಿಗೆ ಆ ಚಿತ್ರ ಸಾಲದು. ದಿನಾ ಹಲ್ಲುಜ್ಜುತ್ತಾ ಅದರ ಮುಂದೆ ನಿಂತು ಏನಾದರೂ ಒಂದು ಕಮ್ಮಿಯಾಗಿದೆ ಎಂದು ಹುಡುಕುತ್ತಾರೆ. "ನೀರುನಾಯಿ ಹಾಕವ್ಳೆ, ಹದ್ದು ಎಲ್ಲೋ? ಬಿಂದಮ್ಮಂಗೆ ಫೋನ್ ಮಾಡೋ, ಹದ್ದು ಮರೆತವ್ಳೆ" ಎಂದು ನನ್ನ ಪ್ರಾಣ ತಿಂದರು. ಅಮ್ಮ ಒಂದು ಸಲ ಪೂರ್ತಿ ನೋಡಿ, "ಇದ್ರಲ್ಲಿ ತಿನ್ನೋರೇ ಇಷ್ಟು ಜನ ಅವ್ರಲ್ಲೋ, ಬಡಿಸೋರು ಯಾರು?" ಎಂದಳು. ನೀನು ಫೋನಿನಲ್ಲಿ ಇದಕ್ಕೆ ನಕ್ಕು ನಕ್ಕು ಕೆಮ್ಮು ಬರಿಸಿಕೊಂಡೆ. ಅಮ್ಮನ ಓಟು ಚಿಕ್ಕದಕ್ಕೆ. ಕಾರಣ ಮಾದರಿಯೂ ಅಲ್ಲ, ಅಳಿವೆಯೂ ಅಲ್ಲ, ಯುಗಾದಿ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತೆ ಇಬ್ಬರೂ ಎಳೆದಾಡುತ್ತಿದ್ದಾರೆ, ನಡುವೆ ನಾನು.

ಈಗ ಫೋನಿನಲ್ಲಿ ಹೇಳದೆ ಉಳಿಸಿದ ಮಾತಿಗೆ ಬರುತ್ತೇನೆ. ಹುಳು ಕೆಲಸ ಮುಗಿಯಿತು ಅಂದೆ, ಹೇಗೆ ಮುಗಿಯಿತು ಅಂತ ಹೇಳಲಿಲ್ಲ. ನಿನ್ನ ಪಾಠ ಕೇಳಿ ಕೇಳಿ ನನಗೂ ಒಂದು ಹುಚ್ಚು ಹಿಡಿಯಿತು, ಈ ಸಲ ಹುಳು ಯಾವ ದಿನ ಹಣ್ಣಾಗುತ್ತದೆ ಎಂದು ನಾನೇ ಲೆಕ್ಕ ಕಟ್ಟುತ್ತೇನೆ ಅಂತ. ಹಣ್ಣಾಗುವ ದಿನ ಎಂಥದ್ದು ಅಂತ ನೀನು ನೋಡಿದ್ದೀಯ. ಹುಳು ಸೊಪ್ಪು ಬಿಟ್ಟು, ಮೈ ಮಿರುಗಿ, ತಲೆ ಎತ್ತಿ ದಾರಿ ಹುಡುಕುತ್ತದೆ, ಅಷ್ಟನ್ನೂ ಅದೇ ದಿನ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಬಿಡದಿದ್ದರೆ ಸಿಕ್ಕಲ್ಲೆಲ್ಲ ನೂಲು ಸುರಿದು ಹಾಳು. ಮನೆಯವರ ಕೈ ಸಾಲದು, ಅದಕ್ಕೇ ನೆಂಟರು ಮುಯ್ಯಿಗೆ ಬರುತ್ತಾರೆ, ಅವರ ಬೆಳೆಗೆ ನಾವು ಹೋಗುತ್ತೇವೆ. ಚಿಂತಾಮಣಿಯ ಮಂಗಮ್ಮತ್ತೆಗೆ ಒಂದು ದಿನ ಮುಂಚೆ ಹೇಳದಿದ್ದರೆ ಅವರು ಹೊರಡುವುದಿಲ್ಲ, ಮೇಲೂರಿನ ಚಿಕ್ಕಮ್ಮನ ಮನೆಯವರಿಗೆ ಎರಡು ದಿನ ಮುಂಚೆ ಹೇಳಬೇಕು. ಹಾಗಾಗಿ ದಿನ ಸರಿಯಾಗಿ ಹಿಡಿಯುವುದೇ ಎಲ್ಲ.

ಮೊದಲು ದೊಡ್ಡ ಮಾದರಿ ಮಾಡಿದೆ, ಅಪ್ಪನ ಮಗ ಅಲ್ಲವೇ. ಫ್ಯಾಕ್ಟರಿಯಲ್ಲಿ ಊಟದ ಹೊತ್ತಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸೊಪ್ಪಿನ ತೇವ, ಗಾಳಿ, ಕರೆಂಟು ಹೋಗುವ ಹೊತ್ತು, ಇರುವೆ, ಹಲ್ಲಿ, ಬಾಗಿಲು ತೆಗೆದು ಹಾಕುವ ಲೆಕ್ಕ, ಎಲ್ಲ ಸೇರಿಸಿದೆ. ಅಮ್ಮನಿಗೆ ಕೋಪ ಬಂದ ದಿನ ಸೊಪ್ಪು ದಪ್ಪ ದಪ್ಪ ಕತ್ತರಿಸುತ್ತಾಳೆ ಎಂದು ಅದಕ್ಕೂ ಒಂದು ಡಬ್ಬಿ ಇಟ್ಟೆ, ಹತ್ತಕ್ಕೆ ಏಳು ಎಂದು ಅಂದಾಜು ಹಾಕಿದೆ. ಉತ್ತರ ಮಂಗಳವಾರ ಬಂತು. ಕೋಪವನ್ನು ಏಳರಿಂದ ಎಂಟು ಮಾಡಿದರೆ ಮುಂದಿನ ತಿಂಗಳು ಬಂತು. ಹುಳು ಅಷ್ಟು ದಿನ ಬದುಕುವುದೇ ಇಲ್ಲ. ಗುಡ್ಡ ಅಗೆದು ಇಲಿ ಹಿಡಿದದ್ದೂ ಅಲ್ಲ, ಗುಡ್ಡ ಅಗೆದು ಗುಡ್ಡವೇ ಸಿಕ್ಕಿತು. ಅದನ್ನು ಬಿಸಾಕಿ, ನಿನ್ನ ಹಾಗೆ ಒಂದೊಂದೇ ಡಬ್ಬಿಯ ಮೇಲೆ ಕೈ ಮುಚ್ಚುತ್ತಾ ಬಂದೆ. ಇರುವೆ ಹೋಯಿತು, ಹಲ್ಲಿ ಹೋಯಿತು, ಅಮ್ಮನ ಕೋಪವೂ ಹೋಯಿತು. ಕೊನೆಗೆ ಉಳಿದದ್ದು ಎರಡೇ, ಪೊರೆ ಬಿಡುವ ನಾಲ್ಕನೇ ಜ್ವರದಿಂದ ಹುಳು ಎದ್ದ ದಿನ ಮತ್ತು ಹುಳುಮನೆಯ ಶಾಖ. ಎಂಥ ಮುದ್ದಾದ ಮಾದರಿ ಅಂತೀಯ, ಪೋಸ್ಟ್‌ಕಾರ್ಡಿನಲ್ಲಿ ಹಿಡಿಸುತ್ತಿತ್ತು! ಉತ್ತರ ಶನಿವಾರ, ಹದಿನೆಂಟನೇ ತಾರೀಕು. ಅಮ್ಮನೂ ಬೆರಳು ಮಡಚಿ ಎಣಿಸಿದಳು, ಅವಳಿಗೂ ಶನಿವಾರವೇ ಬಂತು. ಇಬ್ಬರ ಲೆಕ್ಕ ಒಂದೇ ಬಂದ ಮೇಲೆ ಇನ್ನೇನು, ಎಲ್ಲರಿಗೂ ಫೋನ್ ಮಾಡಿದೆ, ಶನಿವಾರಕ್ಕೆ ರಜೆ ಹಾಕಿದೆ, ಅಮ್ಮ ಹಿತಕಿದ ಬೇಳೆಗೆ ಅವರೆಕಾಳು ನೆನೆಹಾಕಿದಳು.

ಶುಕ್ರವಾರ ಮಧ್ಯಾಹ್ನ ಅಮ್ಮನಿಂದ ಫೋನು. ಹುಳುಮನೆಯ ಅರ್ಧ ಹಣ್ಣಾಗಿದೆ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ನಾನು ಫ್ಯಾಕ್ಟರಿಯಲ್ಲಿ ಒಂದು ಮೋಟರಿನ ಹೊಟ್ಟೆಯೊಳಗೆ. ನಾನು ಬಸ್ಸು ಹಿಡಿದು ಹೋಗಿ ಸೇರುವ ಹೊತ್ತಿಗೆ ಹುಳು ಗೋಡೆ ಹತ್ತಿ ಆಗಿತ್ತು. ಹೆಂಚಿನ ಸಂದಿಯಲ್ಲಿ ಗೂಡು, ಅಪ್ಪನ ಟವೆಲಿನ ಮಡಿಕೆಯಲ್ಲಿ ಗೂಡು, ಕನ್ನಡಕದ ಪೆಟ್ಟಿಗೆಯಲ್ಲಿ ಒಂದು ಗೂಡು. ಶನಿವಾರ ಬೆಳಿಗ್ಗೆ ನೆಂಟರು ಬಸ್ಸಿನಿಂದ ಇಳಿದು, ಸೀರೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು. ನಿನ್ನೆ ಹಣ್ಣಾದದ್ದು ನಿನ್ನೆಯೇ ಮುಗಿದಿದೆ, ಉಳಿದ ಅರ್ಧ ಇನ್ನೂ ತಲೆ ಬಗ್ಗಿಸಿ ಚರಚರ ಸೊಪ್ಪು ತಿನ್ನುತ್ತಿದೆ! ಇಡೀ ಮನೆಯಲ್ಲಿ ಆವತ್ತು ಆರಿಸುವಂಥ ಹುಳು ಒಂದು ಮೊರದಷ್ಟೂ ಇರಲಿಲ್ಲ. ಎಲ್ಲರೂ ಜಗಲಿಯಲ್ಲಿ ಕೂತರು. ಕೂರಲು ಚಾಪೆ ಸಾಲದೆ ನಿನ್ನ ಫ್ಲೆಕ್ಸ್ ಇಳಿಸಿ ಹಾಸಿದೆವು, ಮಂಗಮ್ಮತ್ತೆ ನೀರುನಾಯಿಯ ಮೇಲೆ ಕೂತು, ಏಡಿಯ ಮೇಲೆ ತಟ್ಟೆ ಇಟ್ಟುಕೊಂಡು ಎರಡು ಮುದ್ದೆ ಉಂಡರು. ಉಂಡು ಕೈ ತೊಳೆದು, "ಏಂರಾ ಮುನೇಶೂ, ಪನಿಕಿ ಪಿಲ್ಚಿನಾವಾ, ಪಪ್ಪನ್ನಾನಿಕಿ ಪಿಲ್ಚಿನಾವಾ?" ಎಂದರು. ಕೆಲಸಕ್ಕೆ ಕರೆದೆಯೋ ಮದುವೆ ಊಟಕ್ಕೆ ಕರೆದೆಯೋ ಎಂದು ಕೇಳಿದ್ದಕ್ಕೆ ಇಡೀ ಜಗಲಿ ನಕ್ಕಿತು, ನಾನೂ ನಕ್ಕೆ. ಅವರಿಗೂ ಅವರವರ ಮನೆ ಕೆಲಸ, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟರು. ಬಸ್ಸು ತಿರುವು ದಾಟಿತೋ ಇಲ್ಲವೋ, ಉಳಿದ ಅರ್ಧ ಹಣ್ಣಾಯಿತು. ನಾವು ಮೂವರೇ ಸಂಜೆಯವರೆಗೆ ಬಗ್ಗಿ ಆರಿಸಿದೆವು, ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ಮಂಗಮ್ಮತ್ತೆ ಹೊರಡುವ ಮುಂಚೆ, "ಎರಡು ಮನೆ ಹುಳಾನ ಒಂದೇ ಮನೇಲಿ ಇಟ್ಟಂಗೈತಲ್ರೋ" ಎಂದು ಚುಚ್ಚಿ ಹೋಗಿದ್ದರು. ಹುಳು ಆರಿಸುತ್ತಾ ಆರಿಸುತ್ತಾ ನನಗೆ ಅದೇ ಮಾತು ಕಾಡುತ್ತಿತ್ತು. ನಿನಗೆ ನೆನಪಿದೆಯಲ್ಲ, ಹೋದ ವರ್ಷ ಹುಳುಮನೆಯನ್ನು ಬೆಳೆಸಿದೆವು. ಮುಂದಿನ ಕೋಣೆ ತಾತನ ಕಾಲದ್ದು, ಮಣ್ಣಿನ ಗೋಡೆ, ಹೆಂಚು. ಹಿಂದಿನದು ಹೊಸದು, ಸಿಮೆಂಟು ಇಟ್ಟಿಗೆ, ಮೇಲೆ ಶೀಟು, ಬಡಗಣ ಗಾಳಿ ಸಂದಿಯಲ್ಲಿ ನೇರ ನುಗ್ಗುತ್ತದೆ. ನಡುವೆ ಒಂದು ಬಾಗಿಲು. ನಾನು ಥರ್ಮಾಮೀಟರ್ 'ಎರಡೂ ಕಡೆಗೂ ಸರಿಹೋಗಲಿ' ಎಂದು ಆ ಬಾಗಿಲ ಚೌಕಟ್ಟಿಗೆ ತೂಗುಹಾಕಿದ್ದೆ. ಅದು ತೋರಿಸಿದ ಶಾಖ ಖಂಡಿತ ನಿಜ, ಆದರೆ ಬಾಗಿಲಲ್ಲಿ ಒಂದು ಹುಳುವೂ ಇರಲಿಲ್ಲ. ಮಾರನೆಯ ದಿನ ಇನ್ನೊಂದು ಥರ್ಮಾಮೀಟರ್ ತಂದು ಒಂದೊಂದು ಕಡೆಗೆ ಒಂದೊಂದು ಹಾಕಿ ನೋಡಿದರೆ, ಮುಂದಿನದು ಬೆಚ್ಚಗೆ, ಹಿಂದಿನದು ನಂದಿಬೆಟ್ಟದ ಮೇಲೆ ಹೋಗಿ ನಿಂತ ಹಾಗೆ. ಅದೇ ಪೋಸ್ಟ್‌ಕಾರ್ಡಿನ ಲೆಕ್ಕವನ್ನು ಎರಡು ಸಲ ಮಾಡಿದೆ. ಮುಂದಿನ ಕೋಣೆಗೆ ಶುಕ್ರವಾರ ಬಂತು, ಹಿಂದಿನ ಕೋಣೆಗೆ ಭಾನುವಾರ ಬಂತು. ಎರಡನ್ನೂ ಕಲಸಿದ್ದಕ್ಕೆ ನಡುವಿನ ಶನಿವಾರ ಬಂದಿತ್ತು, ಯಾರಿಗೂ ಬೇಡವಾದ ದಿನ. ಅಮ್ಮನೂ ಹೊಸ ಕೋಣೆಯಲ್ಲಿ ಚಳಿಗಾಲದ ಬೆಳೆ ಇಟ್ಟದ್ದು ಇದೇ ಮೊದಲು, ಅವಳೂ ಒಂದೇ ಮನೆ ಅಂದುಕೊಂಡೇ ಬೆರಳು ಮಡಚಿದ್ದಳು. ನನ್ನ ದೊಡ್ಡ ಮಾದರಿಯಲ್ಲಿ ಹಲ್ಲಿ ಇರುವೆ ಎಲ್ಲ ಇದ್ದರೂ ಅದರಲ್ಲೂ ಮನೆ ಒಂದೇ ಆಗಿತ್ತು, ಹಾಗಾಗಿ ಅದಕ್ಕೆ ಇನ್ನೂ ನೂರು ಡಬ್ಬಿ ಸೇರಿಸಿದ್ದರೂ ನನ್ನ ಶನಿವಾರ ಸರಿಹೋಗುತ್ತಿರಲಿಲ್ಲ. ಬೇಕಿದ್ದದ್ದು ಹೊಸ ಪ್ರಾಣಿಯಲ್ಲ, ಅದೇ ಎರಡು ಡಬ್ಬಿ, ಕೋಣೆಗೊಂದು ಸಲ.

ನಾನು ಎತ್ತ ಹೋಗುತ್ತಿದ್ದೇನೆ ಎಂದು ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿ, ತುಟಿ ಕಚ್ಚಿಕೊಂಡು ಕೂತಿರುತ್ತೀಯ. ನಿನ್ನ ಚಿಕ್ಕ ಮಾದರಿಯಲ್ಲಿ ಇಡೀ ಅಳಿವೆ ಒಂದೇ ಬಾನಿ. ದೀಪಾವಳಿಯಲ್ಲಿ ನೀನೇ ಹೇಳಿದ್ದೆ, ಸಮುದ್ರದ ಬಾಯಿಯ ಹತ್ತಿರ ಉಪ್ಪು ಬೇಗ ಮರಳುತ್ತದೆ, ನಡುವೆ ಸ್ವಲ್ಪ ತಡ, ಮೇಲೆ ಸೇತುವೆಯ ಹತ್ತಿರ ಇನ್ನೂ ತಡ, ಮೂರು ಪಾಲು ಮಾಡಿದರೆ ಒಳ್ಳೆಯದು, ಆದರೆ ಮೂರು ಕಡೆಯೂ ಇನ್ನೊಂದು ಮಳೆಗಾಲ ಪೂರ್ತಿ ನೀರು ಎತ್ತಿ ನೋಡಬೇಕು ಎಂದು. ನಾವೆಲ್ಲ ಹೋಳಿಗೆಯ ಧ್ಯಾನದಲ್ಲಿದ್ದೆವು, ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಮೇಡಂ ದೊಡ್ಡದೋ ಚಿಕ್ಕದೋ ಎಂದು ಕೇಳಿದರು, ನಾವು ದೊಡ್ಡದು ಚಿಕ್ಕದು ಎಂದು ಕುಣಿದೆವು, ನೀನೂ ಆ ಮೂರು ಪಾಲಿನ ಮಾತು ಮತ್ತೆ ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ನನಗೆ ಗೊತ್ತು. ಯುಗಾದಿಗೆ ಮನೆಗೆ ಬರುವ ಆಸೆ ನಿನಗೂ ಇದೆ.

ಆದರೆ ಮಾದೇವಿ ಅಕ್ಕನಿಗೆ ಒಂದೇ ತಾರೀಕು ಹೇಳಿದರೆ ಏನಾಗುತ್ತದೆ ನೋಡು. ಸಮುದ್ರದ ಕಡೆಯವರು ಬೆಳೆದ ಬೆಳಚನ್ನು ಕಣ್ಣೆದುರು ಇಟ್ಟುಕೊಂಡು ಸುಮ್ಮನೆ ಕೂರಬೇಕು, ಸೇತುವೆಯ ಕಡೆಯವರು ಮರಿಯನ್ನೇ ಕಿತ್ತು ಬುಟ್ಟಿಗೆ ಹಾಕುತ್ತಾರೆ. ಅವರೆಲ್ಲ ನಿನ್ನ ಮಾತು ನಂಬಿ ನೀರಿಗೆ ಇಳಿಯುವವರು. ನನ್ನ ತಪ್ಪಿಗೆ ಮಂಗಮ್ಮತ್ತೆ ಒಂದು ಊಟ ಹೆಚ್ಚು ಉಂಡು ಹೋದರು, ಅಲ್ಲಿ ತಪ್ಪಾದರೆ ಅವರ ಊಟವೇ ತಪ್ಪುತ್ತದೆ. ಅದಕ್ಕೇ ಬಿಂದು, ನನ್ನ ಓಟು ವಾಪಸ್ಸು. ದೊಡ್ಡದು ಬೇಡ, ಅಪ್ಪ ಏನೇ ಅನ್ನಲಿ, ಹದ್ದು ಬಂದರೂ ಬರದಿದ್ದರೂ ಮಾದೇವಿ ಅಕ್ಕನ ತಾರೀಕು ಬದಲಾಗುವುದಿಲ್ಲ. ಚಿಕ್ಕದು ಹೀಗೇ ಬೇಡ. ಚಿಕ್ಕದೇ, ಮೂರು ಪಾಲು. ಆ ಪ್ರಶ್ನೆಗೆ ಅಷ್ಟು ಬೇಕು, ಅದಕ್ಕಿಂತ ಹೆಚ್ಚು ಬೇಡ. ನಿನಗೆ ಇದು ನನಗಿಂತ ಚೆನ್ನಾಗಿ ಗೊತ್ತು, ನೀನು ಹೇಳಿದ್ದನ್ನೇ ನಿನಗೆ ಹೇಳುತ್ತಿದ್ದೇನೆ. ಮೇಡಂ ಹತ್ತಿರ ಧೈರ್ಯವಾಗಿ ಕೇಳು, ಇನ್ನೊಂದು ಮಳೆಗಾಲ ಬೇಕು ಎಂದು. ನನ್ನ ಮುಖ ನೋಡಿಕೊಂಡು ಕೇಳದೆ ಇರಬೇಡ.

ಇದನ್ನು ಬರೆಯುವುದಕ್ಕೆ ನನಗೆ ಸ್ವಲ್ಪವೂ ಇಷ್ಟವಿಲ್ಲ ಕಣೇ. ಬೆಳಿಗ್ಗೆಯಿಂದ ಈ ಒಂದು ಸಾಲಿಗೆ ಬರಬಾರದು ಎಂದೇ ಫ್ಲೆಕ್ಸು, ಮುದ್ದೆ, ಗಂಗುಲಪ್ಪ ಎಲ್ಲ ಬರೆದೆ. ನೀನು ಯುಗಾದಿಗೆ ಬರುತ್ತೀಯ ಅಂತ ಬೀರುವಿನ ನಿನ್ನ ಸೀರೆಗಳನ್ನು ಹೋದ ವಾರ ಬಿಸಿಲಿಗೆ ಹಾಕಿ ಮಡಚಿಟ್ಟಿದ್ದೆ, ಮಡಚಿದ್ದು ಸರಿಯಿಲ್ಲ, ಬಂದು ಬೈಯುವೆಯಂತೆ ಅಂದುಕೊಂಡಿದ್ದೆ. ಸಂಜೆ ಬಸ್ಸಿಳಿದು ಬಂದು ಬಾಗಿಲು ತೆಗೆದರೆ ಮನೆ ಸುಮ್ಮನಿರುತ್ತದೆ. ನನಗೆ ನೀನು ಬೇಕು, ಅದು ಬೇರೆ ಲೆಕ್ಕ. ಆ ಲೆಕ್ಕವನ್ನು ಅಳಿವೆಯ ಲೆಕ್ಕದೊಳಗೆ ಸೇರಿಸಿದರೆ ಎರಡೂ ಕೆಡುತ್ತವೆ.

ಉಳಿದ ಸುದ್ದಿ: ನಿನ್ನೆ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು, ಇಷ್ಟೆಲ್ಲ ಆದ ಮೇಲೂ ನಷ್ಟವಾಗಲಿಲ್ಲ. ಅಪ್ಪನ ಕನ್ನಡಕದ ಪೆಟ್ಟಿಗೆಯ ಗೂಡನ್ನು ಮಾರಲಿಲ್ಲ, ನಿನಗೆ ತೋರಿಸಬೇಕಂತೆ. ನಿನ್ನ ದೊಡ್ಡ ಮಾದರಿಯೂ ಕೊನೆಗೆ ಉಪಯೋಗಕ್ಕೆ ಬಂತು, ಮೇಡಂಗೆ ಮಾತ್ರ ಹೇಳಬೇಡ. ಅಮ್ಮ ಅದನ್ನು ತೊಳೆದು, ಹಿಂದಿನ ಕೋಣೆಯ ಬಡಗಣ ಗೋಡೆಗೆ ಮೊಳೆ ಹೊಡೆಸಿದ್ದಾಳೆ. ಗಾಳಿ ಈಗ ಒಳಗೆ ಬರುವುದಿಲ್ಲ. ಮುಂದಿನ ಬೆಳೆಯ ಹುಳು ನೀರುನಾಯಿ, ಏಡಿ, ಚೆಂಡುಹೂವು ಎಲ್ಲ ನೋಡಿಕೊಂಡು ಸೊಪ್ಪು ತಿನ್ನುತ್ತದೆ. ಅಪ್ಪ ಮಾತ್ರ ಒಂದು ಮೂಲೆಯಲ್ಲಿ ಇದ್ದಿಲಿನಿಂದ ಹದ್ದು ಬರೆದಿದ್ದಾರೆ. ಅದು ಕೋಳಿಯ ಹಾಗೆ ಕಾಣುತ್ತದೆ, ನೀನು ಬಂದಾಗ ಹದ್ದು ಅಂತಲೇ ಅನ್ನು.

ಅಮ್ಮ ಕೆಮ್ಮಿಗೆ ಕಷಾಯದ ಪುಡಿ ಕಳಿಸುತ್ತಿದ್ದಾಳೆ, ಅಪ್ಪನ ಆಶೀರ್ವಾದ, ಮಂಗಮ್ಮತ್ತೆಯ ಬೈಗುಳ, ಎರಡನ್ನೂ ಒಂದೇ ಪ್ರೀತಿಯಿಂದ ತೆಗೆದುಕೊ. ಮಾದೇವಿ ಅಕ್ಕನಿಗೆ ಮಂಡಿಕಲ್‌ನಿಂದ ನಮಸ್ಕಾರ ಹೇಳು, ತಾರೀಕು ಸ್ವಲ್ಪ ತಡವಾದರೂ ಸರಿಯಾಗಿ ಬರುತ್ತದೆ ಎಂದು ಹೇಳು. ಹೊತ್ತಿಗೆ ಊಟ ಮಾಡು.

ಎಂದೆಂದೂ ನಿನ್ನವನೇ,
ಮುನೇಶ

ಲಕೋಟೆಗೆ ಅಂಟು ಹಚ್ಚುವ ಮುಂಚೆ, ಬೇಗ ಬೇಗ ಒಂದು ಮಾತು: ನಿನ್ನ ಕೈ ಮುಚ್ಚುವ ಪರೀಕ್ಷೆಯನ್ನು ಈ ಮನೆಯ ಮೇಲೂ ಮಾಡಿದೆ. ಮನೆಯ ಚಿತ್ರ ಬರೆದು ನಿನ್ನ ಡಬ್ಬಿಯ ಮೇಲೆ ಕೈ ಇಟ್ಟೆ. ಅನ್ನ ಬೇಯುತ್ತದೆ, ಬಸ್ಸು ಬರುತ್ತದೆ, ಹುಳು ಗೂಡು ಕಟ್ಟುತ್ತದೆ, ಆದರೂ ಉತ್ತರ ಬೇರೆಯೇ ಬರುತ್ತದೆ ಬಿಂದು, ಪ್ರತಿ ಸಲವೂ. ಅದಕ್ಕೇ ನಮ್ಮ ಸೂಪರ್‌ವೈಸರ್ ಗಂಗರಾಜು ಅವರ ಹತ್ತಿರ ಮಾತಾಡಿದ್ದೇನೆ. ಕೂಡಿಟ್ಟ ರಜೆಯನ್ನೆಲ್ಲ ಮಳೆಗಾಲಕ್ಕೆ ಒಟ್ಟಿಗೆ ಕೊಡುತ್ತಾರೆ, ಜೂನಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ನಾನೇ ಅಲ್ಲಿಗೆ ಬರುತ್ತೇನೆ. ಮೂರು ಕಡೆ ನೀರು ಎತ್ತುವುದಕ್ಕೆ ನಿನ್ನ ಎರಡು ಕೈ ಸಾಲದಲ್ಲ. ನಿನ್ನ ಚಿಕ್ಕ ಚಿತ್ರದ ಅಂಚಿಗೆ ಪೆನ್ಸಿಲಿನಲ್ಲಿ ಒಂದು ಡಬ್ಬಿ ಸೇರಿಸಿ ಇದರ ಜೊತೆ ಇಟ್ಟಿದ್ದೇನೆ, 'ಬಕೆಟ್ ಹೊರುವ ಮುನೇಶ'. ಅದರ ಮೇಲೂ ಕೈ ಮುಚ್ಚಿ ನೋಡು. ಉತ್ತರ ಬದಲಾಗದಿದ್ದರೆ ಅಳಿಸಿಬಿಡು, ಬೇಜಾರಿಲ್ಲ. ಬದಲಾದರೆ ಒಂಬತ್ತನೇ ನಂಬರಿನ ಗಂಬೂಟು ಒಂದು ಜೊತೆ ತೆಗೆದಿಡು.